ಮಗಳಿಗೊಂದು ಪತ್ರ: ಉತ್ತರ ನಿನ್ನ ದಿನಗಳಲ್ಲೇ ಇದೆ

ಪ್ರೀತಿಯ ಪುಟ್ಟಿ,

ಯಾವ ಬಗೆಯ ಕೆಲಸ ಇಷ್ಟ ಅಂತ ತಿಳಿಯಲು ನೀನು ತೆಗೆದುಕೊಂಡ ಟೆಸ್ಟಿನ ರಿಸಲ್ಟ್ ನೋಡಿದೆ. ‘ಅಮ್ಮಾ, ಆರು ಬಗೆಯಲ್ಲಿ ಮೂರಕ್ಕೆ ಹೆಚ್ಚುಕಡಿಮೆ ಒಂದೇ ಅಂಕ ಬಂದಿದೆ, ಈಗ ಯಾವ ಕೆಲಸ ಆರಿಸಲಿ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸಗಳನ್ನು ಹೀಗೆ ಆರು ಬಗೆಯಾಗಿ ವಿಂಗಡಿಸಿದ್ದು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್, 1959ರಲ್ಲಿ. ಒಬ್ಬರಲ್ಲೇ ಎರಡು ಮೂರು ಬಗೆ ಬೆರೆತಿರುವುದು ಸಹಜ. ಗಾಬರಿ ಬೇಡ. ಆದರೆ ಒಂದು ವಿಷಯ ಗಮನಿಸು. ಆ ಟೆಸ್ಟ್ ಕೇಳುವುದು ನಿನಗೆ ಏನು ಇಷ್ಟ ಅಂತ. ಏನು ಚೆನ್ನಾಗಿ ಬರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಎರಡೂ ಒಂದೇ ಅಂದುಕೊಂಡು ನಾನು ಹನ್ನೊಂದು ವರ್ಷ ಕಳೆದೆ.

ಗಣಿತದಲ್ಲಿ ನನಗೆ ಯಾವಾಗಲೂ ಒಳ್ಳೆ ಮಾರ್ಕ್ಸ್. ಹಾಗಾಗಿ ಅಕೌಂಟ್ಸ್ ಕೆಲಸಕ್ಕೆ ಸೇರಿದೆ. ಲೆಕ್ಕ ತಪ್ಪುತ್ತಿರಲಿಲ್ಲ, ಎಲ್ಲರೂ ಹೊಗಳುತ್ತಿದ್ದರು. ಆದರೂ ಸಂಜೆ ಮನೆಗೆ ಬಂದರೆ ಮಾತಾಡಲೂ ಶಕ್ತಿ ಇರುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವ ದಿನಗಳು ಮಾತ್ರ ಬೇರೆ ಥರ. ಅವತ್ತು ಊಟದ ಹೊತ್ತು ಮೀರಿದ್ದೇ ಗೊತ್ತಾಗುತ್ತಿರಲಿಲ್ಲ. ಸುಳಿವು ಕಣ್ಣೆದುರೇ ಇತ್ತು, ನಾನು ನೋಡಲಿಲ್ಲ. ಕೊನೆಗೆ ಪಾಠ ಹೇಳುವ ಕೆಲಸಕ್ಕೆ ಬಂದಾಗ ನೀನು ಮೂರನೇ ಕ್ಲಾಸಿನಲ್ಲಿದ್ದೆ.

ಅದಕ್ಕೇ ಹೇಳುತ್ತೇನೆ, ‘ನನಗೇನು ಇಷ್ಟ’ ಅಂತ ಸುಮ್ನೆ ಕೂತು ಯೋಚಿಸಬೇಡ. ಹಾಗೆ ಯೋಚಿಸಿದರೆ ಕೆಲಸದ ಹೆಸರು, ಅದಕ್ಕೆ ಸಿಗುವ ಗೌರವ ಇಷ್ಟೇ ಕಾಣುತ್ತದೆ. ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೋ. ಇವತ್ತು ಏನು ಮಾಡಿದೆ, ಮುಗಿದ ಮೇಲೆ ಹುರುಪು ಜಾಸ್ತಿಯಾಯಿತಾ, ಕಡಿಮೆಯಾಯಿತಾ, ಅಷ್ಟು ಬರೆ. ಮುಖ್ಯವಾಗಿ, ಯಾವ ಬೇಸರದ ಕೆಲಸವನ್ನು ಗೊಣಗದೆ ಮಾಡಿದೆ ಅಂತ ಬರೆ. ಎಲ್ಲ ಕೆಲಸದಲ್ಲೂ ಬೇಸರದ ಪಾಲು ಇದ್ದೇ ಇರುತ್ತದೆ. ಕಾಲೇಜಿನ ಪತ್ರಿಕೆ ತರುವಾಗ ಬೇರೆಯವರೆಲ್ಲ ಪ್ರೂಫ್ ನೋಡಲು ಒಲ್ಲೆ ಅಂದರು. ನೀನು ರಾತ್ರಿ ಹನ್ನೆರಡರವರೆಗೆ ಒಂದೊಂದು ಸಾಲನ್ನೂ ತಿದ್ದುತ್ತಾ ಕೂತಿದ್ದೆ, ನೆನಪಿದೆ ಅಲ್ವಾ? ನನ್ನ ಪ್ರಕಾರ ಆ ರಾತ್ರಿ ನಿನ್ನ ಬಗ್ಗೆ ಟೆಸ್ಟಿಗಿಂತ ಹೆಚ್ಚು ಹೇಳುತ್ತದೆ.

ನಿನ್ನನ್ನು ತಿಳಿದುಕೊಂಡರೆ ಅರ್ಧ ಕೆಲಸ ಆಯಿತು. ನೂರು ವರ್ಷಕ್ಕೂ ಹಿಂದೆಯೇ ಅಮೆರಿಕದಲ್ಲಿ ವೃತ್ತಿ ಮಾರ್ಗದರ್ಶನಕ್ಕೆ ಅಡಿಪಾಯ ಹಾಕಿದ ಫ್ರಾಂಕ್ ಪಾರ್ಸನ್ಸ್ ಎಂಬವರು ಹೇಳಿದ್ದರು: ನಿನ್ನನ್ನು ತಿಳಿ, ಕೆಲಸವನ್ನು ತಿಳಿ, ಆಮೇಲೆ ಎರಡನ್ನೂ ಹೊಂದಿಸಿ ನೋಡು. ನಡುವಿನದನ್ನೇ ಜನ ಬಿಟ್ಟುಬಿಡುತ್ತಾರೆ. ನಿನಗೆ ಬೇಕೆನಿಸಿದ ಕೆಲಸ ಮಾಡುತ್ತಿರುವವರನ್ನು ಭೇಟಿಯಾಗು. ‘ಕೆಲಸ ಚೆನ್ನಾಗಿದೆಯಾ’ ಅಂತ ಕೇಳಬೇಡ, ಎಲ್ಲರೂ ಹೌದು ಅನ್ನುತ್ತಾರೆ. ‘ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ’ ಅಂತ ಕೇಳು. ಅಂಥ ಮಂಗಳವಾರಗಳು ನಿನಗೆ ಒಗ್ಗುತ್ತವಾ ನೋಡು.

ಎಷ್ಟು ಸಂಬಳವಿದ್ದರೆ ನೆಮ್ಮದಿ ಅನ್ನುವುದನ್ನೂ ಸಂಕೋಚವಿಲ್ಲದೆ ಬರೆದುಕೋ.

ನೋಟ್‌ಬುಕ್ ನನಗೆ ತೋರಿಸಬೇಡ ಪುಟ್ಟಿ. ನಾನು ಓದುತ್ತೇನೆ ಅಂತ ಗೊತ್ತಿದ್ದರೆ ನನಗೆ ಇಷ್ಟವಾಗುವುದನ್ನೇ ಬರೆಯುತ್ತೀಯ. ಚಿಕ್ಕಂದಿನಿಂದ ನಿನ್ನ ಸ್ವಭಾವ ಅದು. ಯಾರನ್ನಾದರೂ ಭೇಟಿಯಾದ ದಿನ ಫೋನ್ ಮಾಡು, ಅವರ ಮಂಗಳವಾರ ಹೇಗಿತ್ತು ಅಂತ ಕೇಳಬೇಕು.

ನಿನ್ನ
ಅಮ್ಮ