ತೂತು ಕಾಸು ಮತ್ತು ಹುಣಸೆಹಣ್ಣು

ಮಾನ್ಯರೆ,

ಅಜ್ಜಿಯ ಕವಳದ ಸಂಚಿಯಲ್ಲಿ ಉಳಿದಿದ್ದ 1943ರ ತೂತು ಕಾಸನ್ನು ಮಗಳು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜಿಟ್ಟಿದ್ದಳು. ಸಂಗ್ರಾಹಕರ ಕಣ್ಣಿನಲ್ಲಿ ಅದರ ಬೆಲೆ ಅಲ್ಲಿಗೆ ಇಳಿಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ, ‘ಅಪ್ಪಾ, ಇಂಥವು ಎಷ್ಟು ಸೇರಿದರೆ ಒಂದು ರೂಪಾಯಿ?’ ಎಂದಳು. 64 ಎಂದೆ. ಯುದ್ಧಕಾಲದ ಲೋಹದ ಕೊರತೆ, ಆಣೆಯ ಲೆಕ್ಕ, 1957ರ ನಯಾ ಪೈಸೆ ಎಂದು ಮಾತು ರಾತ್ರಿಯೂಟದವರೆಗೂ ಬೆಳೆಯಿತು.

ಈಗ ಶಿರಸಿ ಪೇಟೆಯಲ್ಲಿ ಚಿಲ್ಲರೆ ಸಿಕ್ಕರೆ ಸಾಕು, ಇಸವಿಯ ಕೆಳಗೆ ಹುಡುಕುತ್ತಾಳೆ: ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. (ಕಿರಾಣಿ ಅಂಗಡಿಯವರ ತಾಳ್ಮೆ ದೊಡ್ಡದು!)

ನಮ್ಮ ಶಾಲೆಗಳು ವಸ್ತುಪ್ರದರ್ಶನದಲ್ಲಿ ಹಳೆಯ ನಾಣ್ಯಗಳಿಗೂ ಒಂದು ಮೇಜು ಕೊಡಲಿ. ಉಜ್ಜದೆ ತರಲು ಮಾತ್ರ ಮಕ್ಕಳಿಗೆ ಮೊದಲೇ ಹೇಳಿಬಿಡಿ.

– ಓದುಗ, ಶಿರಸಿ