ಘಟಕಕ್ಕೆ ದುಡ್ಡಿದೆ, ಮೆಂಬ್ರೇನ್‌ಗೆ ಇಲ್ಲ

ಬೇಸಿಗೆ ಬಂದೊಡನೆ ಹೊಸ ಶುದ್ಧ ನೀರಿನ ಘಟಕಗಳಿಗೆ ಬೇಡಿಕೆ ಏಳುತ್ತದೆ. ಆದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಮೊದಲು ಹಣ ಬೇಕಿರುವುದು ಇದ್ದ ಘಟಕಗಳ ನಿರ್ವಹಣೆಗೆ.

ಇಲ್ಲಿನ ಕೊಳವೆಬಾವಿ ನೀರು ಗಡಸು. ಕೆಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನೂ ದಾಟುತ್ತದೆ. ಗಂಟೆಗೆ 1,000 ಲೀಟರ್ ಸಾಮರ್ಥ್ಯದ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕದಲ್ಲಿ ಸಾಮಾನ್ಯವಾಗಿ ನೀರಿನ ಉಪ್ಪನ್ನು ಸೋಸುವ ನಾಲ್ಕು ಇಂಚಿನ ನಾಲ್ಕು ಮೆಂಬ್ರೇನ್ ಇರುತ್ತವೆ. ಸುಣ್ಣ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲೆಂಟ್ ಖಾಲಿಯಾದರೂ ಮೋಟರ್ ಓಡುತ್ತಲೇ ಇರುತ್ತದೆ, ತೊಂದರೆ ಅಲ್ಲೇ. ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಒತ್ತಡ ಏರಿ, ಶುದ್ಧ ನೀರಿನ ಹರಿವು ಇಳಿಯುತ್ತದೆ. ಹರಿವು ಶೇ 10–15 ಕುಸಿದಾಗಲೇ ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆದರೆ ಮೆಂಬ್ರೇನ್ ಉಳಿಯುತ್ತದೆ. ಅರ್ಧಕ್ಕಿಳಿದ ಮೇಲೆ ತೊಳೆದರೆ ಹೆಚ್ಚು ಪ್ರಯೋಜನವಿಲ್ಲ. ಸಣ್ಣ ಕಣಗಳನ್ನು ತಡೆಯುವ 5 ಮೈಕ್ರಾನ್ ಕಾರ್ಟ್ರಿಜ್ ಫಿಲ್ಟರ್ ಬದಲಿಸುವುದು, ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದು ದೊಡ್ಡ ಖರ್ಚೇನಲ್ಲ. ಆದರೂ ಟೆಂಡರಿನಲ್ಲಿ ಕಟ್ಟಡದ ಬಣ್ಣಕ್ಕಿರುವ ಸಾಲು ಇವಕ್ಕಿರುವುದಿಲ್ಲ!

20 ಲೀಟರಿಗೆ 5 ರೂಪಾಯಿಯಂತೆ ದಿನಕ್ಕೆ 200 ಕ್ಯಾನ್ ಹೋದರೆ ತಿಂಗಳಿಗೆ 30,000 ರೂ. ಆಗುತ್ತದೆ. ಈ ನಾಣ್ಯದ ಹಣ ಪಂಚಾಯಿತಿಯ ಪ್ರತ್ಯೇಕ ಖಾತೆಗೆ ಬೀಳಲಿ, ಒಂದು ಪಾಲು ಮೆಂಬ್ರೇನ್‌ಗೆಂದೇ ಉಳಿಯಲಿ. ಬಡವರ ಓಣಿಯ ಸಣ್ಣ ಘಟಕಗಳಲ್ಲಿ ಇಷ್ಟು ಹುಟ್ಟದು; ಅಲ್ಲಿ ಕೊರತೆಯನ್ನು ಅನುದಾನದಿಂದಲೇ ತುಂಬಬೇಕು. 15ನೇ ಹಣಕಾಸು ಆಯೋಗವು ಪಂಚಾಯಿತಿ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು.

ಇನ್ನೊಂದು ಮಾತು: ಆರ್‌ಒ ಘಟಕ ಹೊರಹಾಕುವ ಉಪ್ಪು ನೀರನ್ನು ಚರಂಡಿಗೆ ಬಿಡುವ ಬದಲು ಸಮುದಾಯ ಶೌಚಾಲಯದ ತೊಟ್ಟಿಗೆ ಪೈಪ್ ಎಳೆಯಬಹುದು. ಕುಡಿಯಲು ಬಾರದ ಈ ನೀರು ತೊಳೆಯಲು ಸಾಕು.

– ಕುಡಿಯುವ ನೀರಿನ ಘಟಕಗಳ ನಿರ್ವಾಹಕರು, ಇಂಡಿ, ವಿಜಯಪುರ ಜಿಲ್ಲೆ