ಮೊದಲು ಆ ಮನೆಗಳಿಗೆ ಹೋಗು

ಪ್ರೀತಿಯ ತಂಗಿಗೆ,

ನಿನ್ನ ಬೀದಿನಾಟಕದ ಪ್ರತಿ ಮೊನ್ನೆ ಕೈಸೇರಿತು. ಒಂದೇ ಉಸಿರಿಗೆ ಓದಿದೆ, ಮರುದಿನ ಪೆನ್ಸಿಲ್ ಹಿಡಿದುಕೊಂಡು ಮತ್ತೊಮ್ಮೆ ಓದಿದೆ. ಗೇರುತೋಟಗಳಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ನಿನ್ನ ವಯಸ್ಸಿನವರು ಬರೆಯುತ್ತಿದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನ. ಹೆಲಿಕಾಪ್ಟರಿನಿಂದ ಮದ್ದು ಬಿಡುವುದು ನಿಂತದ್ದು 2000ದ ಕೊನೆಗೆ. ನೀನು ಆಗ ಹುಟ್ಟಿರಲಿಲ್ಲ. ಕಾಗದದ ಕೊನೆಗೆ ಕೇಳಿದ್ದೀ, "ನಾಟಕದಿಂದ ಏನಾದರೂ ಆಗುತ್ತದಾ ಅಕ್ಕ?" ಎಂದು. ಆಗುತ್ತದೆ. ಹೇಗೆ ಆಗುತ್ತದೆ ಎಂಬುದರಲ್ಲೇ ಎಲ್ಲ ಇರುವುದು.

ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆಯನ್ನೇ ನೋಡು. ಗುಡ್ಡದ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟ, ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ. ಅಂಗ ಸರಿಯಿಲ್ಲದ ಕರುಗಳು ಹುಟ್ಟುತ್ತಿವೆ ಎಂದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೇ ಬರೆದವರು ಪತ್ರಕರ್ತ ಶ್ರೀಪಡ್ರೆ. ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳಲ್ಲಿ ಏನೋ ಸರಿಯಿಲ್ಲವೆಂದು ಗುರುತಿಸಿ ಮನೆಮನೆಯ ವಿವರ ಕೂಡಿಸಿದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿದರು. ಮಧುರಾಜ್ ಚಿತ್ರ ತೆಗೆದರು, ಎಂ.ಎ. ರಹ್ಮಾನ್ ಸಾಕ್ಷ್ಯಚಿತ್ರ ಮಾಡಿದರು, ಅಂಬಿಕಾಸುತನ್ ಮಾಙಾಡ್ ಕಾದಂಬರಿ ಬರೆದರು. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮರಕ್ಕೆ ಬಿಳಿಬಟ್ಟೆ ಸುತ್ತಿ, ಹೋಗಿಬರುವವರೆಲ್ಲ ಅದರ ಮೇಲೆ ಸಹಿ ಹಾಕಿದರು. ಜನ ಅದನ್ನು ಒಪ್ಪುಮರವೆಂದೇ ಕರೆದರು, ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ಕ್ಕೆ ನಮ್ಮ ಸುಪ್ರೀಂ ಕೋರ್ಟು ತಡೆ ಹಾಕಿತು. ಡಾಕ್ಟರರ ಲೆಕ್ಕ ಇಲ್ಲದೆ ಆ ಚಿತ್ರಗಳು ಮಾತ್ರ ಇದ್ದಿದ್ದರೆ ನೋಡಿದವರು ಅಯ್ಯೋ ಪಾಪ ಎಂದು ಪುಟ ಮಗುಚುತ್ತಿದ್ದರು. ಚಿತ್ರಗಳಿಲ್ಲದೆ ಲೆಕ್ಕ ಮಾತ್ರ ಇದ್ದಿದ್ದರೆ ಅದು ಕಡತದೊಳಗೇ ಉಳಿಯುತ್ತಿತ್ತು. ಕಲೆಯಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇಷ್ಟನ್ನೇ ಹೇಳುವುದು.

ಈಗ ನಿನ್ನ ಎರಡನೇ ದೃಶ್ಯಕ್ಕೆ ಬರುತ್ತೇನೆ. ಹಾಸಿಗೆ ಹಿಡಿದ ಮಗುವಿನ ಪಕ್ಕ ಕೂತು ತಾಯಿ ಅಳುತ್ತಾಳೆ, ಹಿನ್ನೆಲೆಯಲ್ಲಿ ಹಾಡು. ಈ ದೃಶ್ಯವನ್ನು ನನಗೆ ಪರಿಚಯದ ಒಬ್ಬ ತಾಯಿಗೆ ತುಳುವಿನಲ್ಲಿ ಓದಿ ಹೇಳಿದೆ. ಮೀಸೆ ಬಂದ ಮಗ ಚಾಪೆಯಲ್ಲಿದ್ದ. ಆಕೆ ಗಂಜಿಯ ಅನ್ನವನ್ನು ಬೆರಳಲ್ಲಿ ನುಣ್ಣಗೆ ಹಿಚುಕುತ್ತ, ಅವನ ತಲೆಯನ್ನು ತೊಡೆಯ ಮೇಲೆ ಸ್ವಲ್ಪ ಓರೆಯಾಗಿ ಎತ್ತಿ ಹಿಡಿದು, ನುಂಗಿದ್ದಾನೋ ಎಂದು ಗಂಟಲು ನೋಡಿಕೊಂಡೇ ಮುಂದಿನ ತುತ್ತು ಇಡುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಈ ಹೆಂಗಸು ಇಷ್ಟು ಹೊತ್ತು ಕೂಗಿಕೊಂಡು ಕೂತರೆ ಮಗುವಿಗೆ ಗಂಜಿ ಕುಡಿಸುವುದು ಯಾರು?"

ಹೆಲಿಕಾಪ್ಟರಿನ ದೃಶ್ಯಕ್ಕೂ ಅವರದ್ದು ತಿದ್ದುಪಡಿ ಉಂಟು. ಮದ್ದು ಬಿಡುವ ಮೊದಲು ಬಾವಿ ಮುಚ್ಚಿ ಎಂದು ಹೇಳಿಹೋಗುತ್ತಿದ್ದರಂತೆ, ಇವರು ತೆಂಗಿನ ಮಡಲು ಹಾಕಿ ಮುಚ್ಚುತ್ತಿದ್ದರಂತೆ. "ಗುಡ್ಡದ ಹೊಟ್ಟೆಯಿಂದ ಹರಿದು ಬರುವ ಸುರಂಗದ ನೀರಿಗೆ ಏನನ್ನು ಮುಚ್ಚುವುದು? ತೋಡಿಗೆ ಏನನ್ನು ಮುಚ್ಚುವುದು?" ನಿನ್ನ ನಾಟಕದಲ್ಲಿ ಈ ಮಾತು ಇಲ್ಲ, ಯಾಕೆಂದರೆ ನೀನು ಪತ್ರಿಕೆಯ ತುಣುಕುಗಳನ್ನು ಓದಿ ಬರೆದೆ. ತುಣುಕುಗಳನ್ನು ಓದಲೇಬೇಕು. ಆ ಮನೆಗಳ ಜಗಲಿಯಲ್ಲಿ ಕೂತೂ ಬರಬೇಕು, ಅದೂ ಬರೆಯುವ ಮೊದಲು.

ಹೋಗುವಾಗ ಕ್ಯಾಮೆರಾ ಬೇಡ. ಆ ಮಕ್ಕಳ ಚಿತ್ರ ಒಂದು ಕಾಲಕ್ಕೆ ಬೇಕಿತ್ತು, ತೆಗೆದವರು ಮಾಡಿದ್ದು ಪುಣ್ಯದ ಕೆಲಸ. ಆಮೇಲೆ ಬಂದವರೂ ಅದನ್ನೇ ಕೇಳಿದರು, ಅದೇ ಕೋನದಲ್ಲಿ, ಅದೇ ಮಕ್ಕಳನ್ನು. ತಾಯಂದಿರ ಈಗಿನ ಚಿಂತೆ ಬೇರೆ: ತಾನು ಹೋದ ಮೇಲೆ ಇವನನ್ನು ಮಗ್ಗುಲು ಬದಲಿಸುವವರು ಯಾರು? ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಅದೇ ಕೋರ್ಟು ಕೇರಳ ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಈ ಐದು ವರ್ಷ ಆ ಮನೆಗಳಲ್ಲಿ ಹೇಗೆ ಕಳೆಯಿತು? ನಿನ್ನ ನಾಟಕ ಇರುವುದು ಅಲ್ಲಿ. ಹೆಲಿಕಾಪ್ಟರಿನ ಸದ್ದು ಎಲ್ಲರಿಗೂ ಗೊತ್ತು, ಈ ಕಾಯುವಿಕೆ ಗೊತ್ತಿಲ್ಲ.

ಜನರ ಜೊತೆ ಸೇರಿ ಕಲೆ ಮಾಡುವುದೆಂದರೆ ಏನೆಂದು ನನಗೆ ಚೆನ್ನಾಗಿ ಮನದಟ್ಟಾದದ್ದು ಛತ್ತೀಸಗಢದ ಬಸ್ತರಿನ ಒಂದು ಕೆಲಸದಿಂದ. ಮುಂಬೈಯ ಕಲಾವಿದೆ ನವಜೋತ್ ಅಲ್ತಾಫ್ ಕೊಂಡಗಾಂವಿನಲ್ಲಿ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ವರ್ಷಗಟ್ಟಲೆ ಇದ್ದು ಊರಿನ ಕೈಪಂಪುಗಳ ಸುತ್ತ ಕೆಲಸ ಮಾಡಿದರು. ನಲ್‌ಪಾರ್ ಎಂದು ಅದರ ಹೆಸರು. ನೀರು ಹೊರುವ ಹೆಂಗಸರನ್ನು ಕೇಳಿ, ಅವರು ಬಗ್ಗುವುದನ್ನು, ಎತ್ತುವುದನ್ನು ನೋಡಿ, ಕೊಡವನ್ನು ಒಮ್ಮೆ ಇಟ್ಟು ಆಮೇಲೆ ತಲೆಗೇರಿಸಲು ಅನುಕೂಲವಾಗುವ ಎತ್ತರದಲ್ಲಿ ಜಾಗ ಮಾಡಿದರು, ಚೆಲ್ಲಿದ ನೀರು ಕೆಸರಾಗದೆ ಹರಿದುಹೋಗುವ ಹಾಗೆ ಮಾಡಿದರು, ಗೋಡೆಗೆ ಶಿಲ್ಪ ಬಂತು. ಶಿಲ್ಪ ಎಲ್ಲಿ ಮುಗಿದು ಅನುಕೂಲ ಎಲ್ಲಿ ಶುರುವಾಯಿತು ಎಂದು ಅಲ್ಲಿ ಗೆರೆ ಎಳೆಯಲು ಬರುವುದಿಲ್ಲ. ನಿನ್ನ ನಾಟಕದಲ್ಲೂ ಆ ಕೊಡ ಇಡುವ ಜಾಗ ಯಾವುದೆಂದು ಹುಡುಕು.

ಒಂದು ನನಗೆ ಕಾಣುತ್ತದೆ. ಆಸ್ಪತ್ರೆಯ ಕಾಗದ, ಪಿಂಚಣಿಯ ಅರ್ಜಿ, ಆದೇಶ, ಹೆಚ್ಚಿನದೆಲ್ಲ ಮಲಯಾಳದಲ್ಲಿ. ಓದಬೇಕಾದ ಅಜ್ಜಿಗೆ ಬರುವುದು ತುಳು, ಶಾಲೆಗೆ ಹೋಗಿದ್ದರೆ ಕನ್ನಡ. ನಿನ್ನ ತಂಡದಲ್ಲಿ ಮಲಯಾಳ ಓದಬಲ್ಲವರು ಇದ್ದಾರಲ್ಲ, ನಾಟಕ ಮುಗಿದ ಮೇಲೆ ಅರ್ಧ ದಿನ ಅಲ್ಲೇ ಕೂತು ಕಾಗದ ಓದಿ ಹೇಳಿ. ಇದು ಸಮಾಜಸೇವೆ, ಕಲೆ ಅಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ಆ ಕಾಗದಗಳಲ್ಲಿ ನಿನ್ನ ಮುಂದಿನ ನಾಟಕದ ಸಂಭಾಷಣೆ ಉಂಟು.

ಕಲೆಯೊಂದೇ ಸಾಕು ಎಂದು ಮಾತ್ರ ನಂಬಬೇಡ. ನಮ್ಮ ಜಿಲ್ಲೆಯ ಪೊಟ್ಟನ್ ತೆಯ್ಯಂ ನೋಡಿದ್ದೀಯಲ್ಲ? ದಾರಿ ಬಿಡು ಎಂದ ಶಂಕರಾಚಾರ್ಯರನ್ನು ತಡೆದು, ನಿನ್ನನ್ನು ಕೊಯ್ದರೂ ನನ್ನನ್ನು ಕೊಯ್ದರೂ ಬರುವುದು ರಕ್ತವೇ ಅಲ್ಲವೇ ಎಂದು ಕೇಳುವ ದೈವ. ತಲೆತಲಾಂತರದಿಂದ ಜಮೀನ್ದಾರರ ಅಂಗಳದಲ್ಲಿ, ಅವರ ಎದುರಿಗೇ, ಕೆಂಡದ ಮೇಲೆ ಮಲಗಿ ಕೇಳಿದ ಪ್ರಶ್ನೆ ಅದು. ಅವರು ಕೈಮುಗಿದು ಕೇಳಿದರು. ಬೆಳಗಾದ ಮೇಲೆ ವೇಷ ಕಳಚಿದವನು ಮತ್ತೆ ದೂರವೇ ನಿಲ್ಲಬೇಕಿತ್ತು. ಪ್ರಶ್ನೆಯನ್ನು ಸಾಯದಂತೆ ಇಟ್ಟದ್ದು ತೆಯ್ಯಂ, ಅದಕ್ಕೆ ಉತ್ತರ ಕೊಡಿಸಲು ಹೊಲದ ಕೂಲಿಗಳ ಸಂಘಟನೆ ಬೇಕಾಯಿತು, ಕಾನೂನು ಬೇಕಾಯಿತು. ಹಾಗಾಗಿ ನಿನ್ನ ಊರಿನ ಹೋರಾಟ ಸಮಿತಿಯವರ ಜೊತೆ ಮೊದಲೇ ಮಾತಾಡು. ಅವರ ಕರಪತ್ರವನ್ನೇ ನಾಟಕ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅವರಿಗೆ ಒಪ್ಪಿಗೆಯಾಗದ ಪ್ರಶ್ನೆಯನ್ನೂ ಕೇಳು, ಆದರೆ ಅವರ ಎದುರು ಕೇಳು.

ನಾಟಕವನ್ನು ಬೀದಿನಾಟಕದ ಸಫ್ದರ್ ಹಾಶ್ಮಿಗೆ ಅರ್ಪಿಸಿದ್ದೀ, ಸಂತೋಷ. 1989ರ ಜನವರಿ 1ರಂದು ದಿಲ್ಲಿ ಹತ್ತಿರದ ಝಂಡಾಪುರದಲ್ಲಿ ನಾಟಕ ನಡೆಯುತ್ತಿದ್ದಾಗ ಹಲ್ಲೆಯಾಗಿ, ಮರುದಿನ ಅವರು ತೀರಿಹೋದರು. ಜನವರಿ 4ಕ್ಕೆ ಹೆಂಡತಿ ಮೊಲೊಯಶ್ರೀ ತಂಡದ ಜೊತೆ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು. ನೀನು ಮೊದಲ ಪ್ರದರ್ಶನವನ್ನು ಟೌನ್‌ಹಾಲಿನಲ್ಲಿ ಅತಿಥಿಗಳ ಎದುರು ಇಟ್ಟುಕೊಂಡಿದ್ದೀ. ಅದನ್ನು ನಮ್ಮ ಎಣ್ಮಕಜೆಯ ಪಡ್ರೆ ಗ್ರಾಮಕ್ಕೆ ತಾ. ಅಂಗನವಾಡಿಯ ಅಂಗಳ ಸಾಕು, ಮೈಕು ಬೇಡ.

ಎರಡನೇ ದೃಶ್ಯ ತಿದ್ದಿ ಕಳಿಸು. ನಿಜವಾದ ಹೆಸರು, ಮನೆ ಗುರುತು ಸಿಗುವ ವಿವರ ಎಲ್ಲ ತೆಗೆದುಬಿಡು. ತಿದ್ದಿದ್ದನ್ನು ಆ ತಾಯಂದಿರಿಗೆ ಓದಿ ಹೇಳು, ಅವರು ಬೇಡ ಎಂದದ್ದು ಎಷ್ಟು ಚೆಂದವಿದ್ದರೂ ಬೇಡ. ಭಾನುವಾರ ಬರುವುದಾದರೆ ಪೆರ್ಲದಲ್ಲಿ ಇಳಿ, ನಾನೂ ಜೊತೆಗೆ ಬರುತ್ತೇನೆ.

ಪ್ರೀತಿಯಿಂದ,
ಅಕ್ಕ